ಸ್ಪಿನ್ ಹೊತ್ತಿಗೆ ಮಷೀನ್ ಕುಣಿದರೆ ಸ್ಕ್ರೂಡ್ರೈವರ್ ಆಮೇಲೆ

ವಾಷಿಂಗ್ ಮಷೀನ್ ರಿಪೇರಿ ನನ್ನ ಕೆಲಸ. ‘ಸ್ಪಿನ್ ಆಗುವಾಗ ಸಿಕ್ಕಾಪಟ್ಟೆ ಅಲ್ಲಾಡುತ್ತೆ’ ಅನ್ನುವುದು ಬೆಂಗಳೂರಿನಲ್ಲಿ ಮಾಮೂಲು ಕಂಪ್ಲೇಂಟ್. ಕೆಲಸ ಕಲಿಯಲು ಬರುವ ಹುಡುಗರು ಮನೆಯೊಳಗೆ ಕಾಲಿಟ್ಟ ಕೂಡಲೇ ಹಿಂದಿನ ಕವರ್ ಬಿಚ್ಚಲು ಕೂರುತ್ತಾರೆ. ನಾನು ಬಿಡುವುದಿಲ್ಲ. ಬಟ್ಟೆ ತೆಗಿ, ಖಾಲಿ ಸ್ಪಿನ್ ಹಾಕು, ಸುಮ್ನೆ ನಿಂತು ನೋಡು ಅನ್ನುತ್ತೇನೆ.

ಖಾಲಿ ಓಡುವಾಗ ತೆಪ್ಪಗಿದ್ದರೆ ಮೊದಲ ಅನುಮಾನ ಬಟ್ಟೆ ಮೇಲೆ. ಒಂದೇ ಒಂದು ಜೀನ್ಸ್, ಇಲ್ಲವೇ ಬಾತ್‌ರೂಮಿನ ದಪ್ಪ ಮ್ಯಾಟ್ ಮಾತ್ರ ಹಾಕಿರುತ್ತಾರೆ, ಅದು ನೀರು ಕುಡಿದು ಡ್ರಮ್ಮಿನ ಒಂದೇ ಕಡೆ ಅಂಟಿಕೊಳ್ಳುತ್ತದೆ. ಅರ್ಧ ಕೆಜಿ ತಾನೇ ಅನ್ನಬೇಡಿ. ಡ್ರಮ್ಮಿನ ನಡುವಿನಿಂದ 25 ಸೆಂ.ಮೀ. ದೂರದಲ್ಲಿ ಅರ್ಧ ಕೆಜಿ ಜಾಸ್ತಿ ಕೂತು, ನಿಮಿಷಕ್ಕೆ 1200 ಸುತ್ತು ತಿರುಗಿದರೆ ಅದು ಹೊರಗೆ ಎಳೆಯುವ ಬಲ ಹತ್ತಿರ ಹತ್ತಿರ 200 ಕೆಜಿ ತೂಕದಷ್ಟು. ಸ್ಪೀಡ್ ಎರಡರಷ್ಟಾದರೆ ಈ ಎಳೆತ ನಾಲ್ಕರಷ್ಟಾಗುತ್ತದೆ. ಮಷೀನಿಗೂ ಇದು ಗೊತ್ತು, ಅದಕ್ಕೇ ಸ್ಪಿನ್ ಶುರು ಮಾಡಿ ನಿಲ್ಲಿಸಿ, ಬಟ್ಟೆ ಕೊಡವಿ, ಮತ್ತೆ ಶುರು ಮಾಡುತ್ತದೆ. ಟೈಮರ್ 9 ನಿಮಿಷದಲ್ಲೇ ನಿಂತುಬಿಟ್ಟಿದೆ ಅಂತ ಫೋನ್ ಬಂದರೆ ಎಷ್ಟೋ ಸಲ ಕತೆ ಇಷ್ಟೇ. ಮಳೆಗಾಲದಲ್ಲಿ ರೇನ್‌ಕೋಟ್ ಹಾಕುವವರಿಗೆ ಮಾತ್ರ ನಾನು ಗದರುತ್ತೇನೆ. ಅದರೊಳಗೆ ನೀರು ಸಿಕ್ಕಿಕೊಂಡು, ಫುಲ್ ಸ್ಪೀಡಿನಲ್ಲಿ ಒಮ್ಮೆಲೇ ಜಾಗ ಬದಲಿಸಿದರೆ ಮಷೀನ್ ಉರುಳಿಬಿದ್ದರೂ ಬಿತ್ತು.

ಖಾಲಿ ಇದ್ದಾಗಲೂ ಕುಣಿದರೆ ಆಗ ನೆಲ. ನಮ್ಮೂರಿನ ಯುಟಿಲಿಟಿಗಳಲ್ಲಿ ನೀರು ಹರಿಯಲಿ ಅಂತ ಮೋರಿ ಕಡೆಗೆ ಇಳಿಜಾರು ಕೊಟ್ಟಿರುತ್ತಾರೆ, ಮಷೀನ್ ಇಡುವುದೂ ಅಲ್ಲೇ. ಎದುರುಬದುರು ಮೂಲೆಗಳನ್ನು ಕೈಯಿಂದ ಒತ್ತಿ ನೋಡಿ. ಟಕ್ ಟಕ್ ಅಂದರೆ ಒಂದು ಕಾಲು ನೆಲಕ್ಕೆ ತಾಗಿಲ್ಲ. ರಸಮಟ್ಟ ಇಟ್ಟು ಕಾಲು ತಿರುಗಿಸಿ ಸರಿಮಾಡಿ, ಆಮೇಲೆ ಲಾಕ್ ನಟ್ ಬಿಗಿ ಮಾಡಲೇಬೇಕು. ಅದನ್ನು ಬಿಟ್ಟರೆ ಅಲುಗಾಟಕ್ಕೆ ಕಾಲು ಮತ್ತೆ ತಾನಾಗೇ ತಿರುಗಿಕೊಳ್ಳುತ್ತದೆ. ಚಕ್ರದ ಸ್ಟ್ಯಾಂಡ್ ಇದ್ದರೆ ಮೊದಲು ಅದನ್ನು ತೆಗೆಸುತ್ತೇನೆ. ಗುಡಿಸಲು ಅನುಕೂಲ ಅನ್ನುತ್ತಾರೆ, ನಿಜ, ಆದರೆ ಸ್ಪಿನ್ನಿಗೆ ಅದಕ್ಕಿಂತ ಕೆಟ್ಟದ್ದು ಇಲ್ಲ.

ಫ್ರಂಟ್ ಲೋಡ್ ಹೊಸದಾಗಿದ್ದರೆ ಹಿಂದೆ ಟ್ರಾನ್ಸಿಟ್ ಬೋಲ್ಟ್ ಹಾಗೇ ಇದೆಯಾ ನೋಡಿ. ಡ್ರಮ್ಮಿನ ಸುತ್ತ ನೀರು ಹಿಡಿದಿಡುವ ಟಬ್ಬನ್ನು, ಸಾಗಿಸುವಾಗ ಅಲ್ಲಾಡದಂತೆ, ಮಷೀನಿನ ಹೊರಗಿನ ಪೆಟ್ಟಿಗೆಗೆ ಬಿಗಿದಿಡುವ ಬೋಲ್ಟ್ ಅದು. ಹಾಗೇ ಬಿಟ್ಟು ಓಡಿಸಿದರೆ ಮಷೀನೇ ಎಗರುತ್ತದೆ. ತೆಗೆದ ಬೋಲ್ಟನ್ನು ಎಸೆಯಬೇಡಿ. ಬಾಡಿಗೆ ಮನೆಯವರು ಮನೆ ಬದಲಿಸುವಾಗ ಅದನ್ನು ಮತ್ತೆ ಹಾಕದೆ ಟೆಂಪೋಗೆ ಏರಿಸಿದರೆ ದಾರಿಯಲ್ಲೇ ಸ್ಪ್ರಿಂಗ್, ಟಬ್ಬಿನ ಅಲುಗಾಟ ತಡೆಯುವ ಡ್ಯಾಂಪರ್ ಹಾಳಾಗಬಹುದು.

ಒಳಗಿನ ಭಾಗಗಳ ಸರದಿ ಇಷ್ಟಾದ ಮೇಲೆ. ಟಾಪ್ ಲೋಡ್ ಆದರೆ ಟಬ್ಬನ್ನು ಕೆಳಗೆ ಒತ್ತಿ ಬಿಡಿ. ಒಂದು ಸಲ ಎದ್ದು ನಿಲ್ಲಬೇಕು. ತೂಗುತ್ತಲೇ ಇದ್ದರೆ ಟಬ್ಬನ್ನು ನೇತುಹಾಕಿರುವ ಸಸ್ಪೆನ್ಷನ್ ರಾಡ್ ಸೋತಿದೆ. ಹಾಕಿಸುವುದಾದರೆ ನಾಲ್ಕೂ ಒಟ್ಟಿಗೆ ಹಾಕಿಸಿ. ಫ್ರಂಟ್ ಲೋಡಿನಲ್ಲಿ ಒಳಡ್ರಮ್ಮಿನ ಮೇಲಂಚು ಹಿಡಿದು ಎತ್ತಿ. ಟಬ್ ಜೊತೆಗೇ ಎದ್ದರೆ ಸರಿ, ಡ್ರಮ್ ಮಾತ್ರ ಲಟಕ್ ಅಂದರೆ ಬೇರಿಂಗ್ ಹೋಗಿದೆ, ಇಲ್ಲವೇ ಡ್ರಮ್ಮನ್ನು ಹಿಂದಿನಿಂದ ಹಿಡಿದಿರುವ ಅಲ್ಯೂಮಿನಿಯಂ ಸ್ಪೈಡರ್ ತಿಂದುಹೋಗಿದೆ. ಸೋಪು ಜಾಸ್ತಿ ಸುರಿಯುವ, ಬೋರ್‌ವೆಲ್ ನೀರಿನ ಮನೆಗಳಲ್ಲಿ ಅದರ ಮೇಲೆ ದಪ್ಪ ಪೊರೆ ಕಟ್ಟಿರುತ್ತದೆ. ಟಬ್ ಬೆಸೆದುಬಿಟ್ಟಿರುವ ಮಾಡೆಲ್ಲುಗಳಲ್ಲಿ ಇಡೀ ಟಬ್ಬೇ ಬದಲಾಯಿಸಬೇಕು, ಹಳೇ ಮಷೀನಾದರೆ ಬೇಡ ಬಿಡಿ ಅಂತ ನೇರವಾಗಿ ಹೇಳುತ್ತೇನೆ.

ಕಷ್ಟ ಇರುವುದು ದುಡ್ಡಿನ ಮಾತಿನಲ್ಲಿ. ಕಾಲು ತಿರುಗಿಸಿ ಎದ್ದರೆ ‘ಏನಪ್ಪಾ, ಬಿಚ್ಚಲೇ ಇಲ್ಲ, ಅದಕ್ಕೂ ದುಡ್ಡಾ?’ ಅನ್ನುತ್ತಾರೆ. ಬೇಡದ ಡ್ಯಾಂಪರ್ ಹಾಕಿ ಬಿಲ್ ಕೊಟ್ಟರೆ ಮಾತಿಲ್ಲದೆ ಕೊಡುತ್ತಾರೆ. ಹುಡುಗರು ಹಾಳಾಗುವುದು ಇಲ್ಲೇ ಅಲ್ವಾ? ಅದಕ್ಕೆ ಈಗ ಬಂದು ನೋಡುವುದಕ್ಕೆ ಎಷ್ಟು ಅಂತ ಫೋನಿನಲ್ಲೇ ಹೇಳಿಬಿಡುತ್ತೇನೆ. ಜೊತೆಗೆ, ಈಚೆಗೆ ಮನೆ ಬದಲಿಸಿದ್ರಾ, ಹೊಸ ಸ್ಟ್ಯಾಂಡ್ ತಂದ್ರಾ ಅಂತಲೂ ಕೇಳುತ್ತೇನೆ. ‘ಹೌದು, ಹೋದ ವಾರ ತಂದ್ವಿ’ ಅಂದರೆ ಅದನ್ನು ತೆಗೆದು ಓಡಿಸಿ ನೋಡಿ, ಆಮೇಲೂ ಅಲ್ಲಾಡಿದರೆ ಬರುತ್ತೇನೆ ಅನ್ನುತ್ತೇನೆ.