ಟೈಮ್‌ಟೇಬಲ್‌ನಲ್ಲಿ ಕಾಣದ ಗಂಟೆಗಳು

"ಯೂನಿವರ್ಸಿಟಿಗೆ ಸೇರ್ತಾ ಇದೀನಿ, ಮೊದಲೇ ಏನೇನು ಗೊತ್ತಿರಬೇಕು?" ಅಡ್ಮಿಷನ್ ಶುರುವಾಗುವ ಹೊತ್ತಿಗೆ ಈ ಪ್ರಶ್ನೆ ನನಗೆ ಬಂದೇ ಬರುತ್ತದೆ. ಯಾವ ಸಬ್ಜೆಕ್ಟ್ ಕಷ್ಟ, ಯಾರು ಮಾರ್ಕ್ಸ್ ಕೊಡುವುದರಲ್ಲಿ ಬಿಗಿ, ಎಂಥ ಲ್ಯಾಪ್‌ಟಾಪ್ ತಗೋಬೇಕು ಅನ್ನುವುದೂ ಜೊತೆಗೇ ಬರುತ್ತದೆ. ಇದಕ್ಕೆಲ್ಲ ನಿಮ್ಮ ಸೀನಿಯರ್‌ಗಳು ನನಗಿಂತ ಚೆನ್ನಾಗಿ ಉತ್ತರ ಹೇಳುತ್ತಾರೆ. ನಾನು ಹೇಳುವುದು ಬೇರೆ. ನಿಮ್ಮ ಟೈಮ್‌ಟೇಬಲ್‌ನಲ್ಲಿ ಖಾಲಿ ಬಿಟ್ಟಿರುವ ಜಾಗ ಇದೆಯಲ್ಲ, ಅದನ್ನು ಸರಿಯಾಗಿ ನೋಡಿ. ಯೂನಿವರ್ಸಿಟಿಯ ಓದು ಬಹುಪಾಲು ನಡೆಯುವುದು ಅಲ್ಲೇ.

ಶಾಲೆಯಲ್ಲಿ ಒಂದರ ಹಿಂದೆ ಒಂದು ಪೀರಿಯಡ್ ಇರುತ್ತಿತ್ತು. ಹೋಂವರ್ಕ್ ಮಾಡದಿದ್ದರೆ ಕೇಳುವವರಿದ್ದರು, ಕ್ಲಾಸಿಗೆ ಬರದಿದ್ದರೆ ಮನೆಗೆ ಫೋನ್ ಹೋಗುತ್ತಿತ್ತು. ಇಲ್ಲಿ ಸೋಮವಾರ ಎರಡು ಕ್ಲಾಸ್, ಮಂಗಳವಾರ ಒಂದು, ಬುಧವಾರ ಮಧ್ಯಾಹ್ನದ ಮೇಲೆ ಏನೂ ಇಲ್ಲ. ಮೊದಲ ವಾರ ನೋಡಿದವರಿಗೆ ಅರ್ಧ ರಜೆ ಸಿಕ್ಕ ಹಾಗೆ ಅನಿಸುತ್ತದೆ. ಆ ಖಾಲಿ ಗಂಟೆಗಳಲ್ಲಿ ಏನು ಮಾಡಬೇಕು ಅಂತ ಯಾರೂ ಬರೆದು ಕೊಟ್ಟಿರುವುದಿಲ್ಲ, ಅಲ್ವಾ?

ಆದರೆ ಅದಕ್ಕೂ ಒಂದು ಲೆಕ್ಕ ಇದೆ. ಒಂದು ಕೋರ್ಸಿಗೆ ಎಷ್ಟು ಕೆಲಸ ಅಂತ ಅಳೆಯುವ ಅಂಕಗಳೇ ಕ್ರೆಡಿಟ್, ಅವನ್ನು ನಿಗದಿ ಮಾಡುವುದೇ ಆ ಲೆಕ್ಕದ ಮೇಲೆ. ಅಮೆರಿಕದಲ್ಲಿ ಒಂದು ಕ್ರೆಡಿಟ್ ಅಂದರೆ ಸುಮಾರು 15 ವಾರಗಳ ಸೆಮಿಸ್ಟರ್‌ನಲ್ಲಿ ವಾರಕ್ಕೆ ಒಂದು ಗಂಟೆ ಕ್ಲಾಸ್, ಅದರ ಹೊರಗೆ ಕನಿಷ್ಠ ಎರಡು ಗಂಟೆ ಓದು. ಯುರೋಪಿನ ದೇಶಗಳು ಬಳಸುವ ಇಸಿಟಿಎಸ್ ಅನ್ನುವ ಕ್ರೆಡಿಟ್ ಪದ್ಧತಿಯಲ್ಲಿ ಇಡೀ ವರ್ಷಕ್ಕೆ 60 ಕ್ರೆಡಿಟ್, ಒಂದೊಂದಕ್ಕೂ 25ರಿಂದ 30 ಗಂಟೆ ಕೆಲಸ. ಭಾರತದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು 30 ಗಂಟೆಗಳ ಕಲಿಕೆಗೆ ಒಂದು ಕ್ರೆಡಿಟ್ ಅನ್ನುತ್ತದೆ. ಈ ಎಲ್ಲ ಲೆಕ್ಕದಲ್ಲೂ ಕ್ಲಾಸಿನ ಹೊರಗಿನ ಓದು, ಅಸೈನ್‌ಮೆಂಟ್, ಪರೀಕ್ಷೆಯ ತಯಾರಿ ಸೇರಿರುತ್ತದೆ. ಅಮೆರಿಕದ ಲೆಕ್ಕವನ್ನೇ ಹಿಡಿಯಿರಿ. 15 ಕ್ರೆಡಿಟ್ ತೆಗೆದುಕೊಂಡವರಿಗೆ ವಾರಕ್ಕೆ ಕ್ಲಾಸ್ 15 ಗಂಟೆ, ಹೊರಗೆ 30 ಗಂಟೆ, ಒಟ್ಟು 45. ಇದು ಪೂರ್ತಿ ಒಂದು ನೌಕರಿಯಷ್ಟು ಕೆಲಸ. ಟೈಮ್‌ಟೇಬಲ್‌ನಲ್ಲಿ ಕಾಣುವುದು ಮೂರರಲ್ಲಿ ಒಂದು ಪಾಲು ಮಾತ್ರ.

ಎಲ್ಲರೂ ಈ ಗಂಟೆಗಳನ್ನು ಹಾಗೇ ಲೆಕ್ಕ ಇಟ್ಟು ಓದುತ್ತಾರೆ ಅಂತ ನಾನು ಹೇಳುತ್ತಿಲ್ಲ. ಕೆಲವು ಕೋರ್ಸಿಗೆ ಕಡಿಮೆ ಸಾಕಾಗುತ್ತದೆ, ಕೆಲವಕ್ಕೆ ಜಾಸ್ತಿ ಬೇಕಾಗುತ್ತದೆ. ಆದರೆ ಎಷ್ಟು ಸಮಯ ಹಿಡಿಯಬಹುದು ಅಂತ ಮೊದಲೇ ಗೊತ್ತಿದ್ದವರು ಬುಧವಾರ ಮಧ್ಯಾಹ್ನವನ್ನು ಬೇರೆ ಥರ ನೋಡುತ್ತಾರೆ.

ಮೊದಲ ವಾರದಲ್ಲೇ ಮಾಡಬೇಕಾದ ಒಂದು ಕೆಲಸವಿದೆ. ಪ್ರತಿ ಕೋರ್ಸಿಗೂ ಒಂದು ಸಿಲಬಸ್ ಅಥವಾ ಕೋರ್ಸ್ ಪ್ಲಾನ್ ಕೊಡುತ್ತಾರೆ. ಹೆಚ್ಚಿನವರು ಅದನ್ನು ಫೋನಿಗೆ ಇಳಿಸಿಕೊಂಡು ಮರೆತೇ ಬಿಡುತ್ತಾರೆ. ಅದನ್ನು ಕೂತು ಓದಿ. ಯಾವುದಕ್ಕೆ ಎಷ್ಟು ಶೇಕಡಾ ಮಾರ್ಕ್ಸ್, ತಡವಾಗಿ ಕೊಟ್ಟರೆ ಎಷ್ಟು ಕಡಿತ, ಹಾಜರಾತಿಯ ನಿಯಮ ಏನು, ಎಲ್ಲ ಅದರಲ್ಲೇ ಇರುತ್ತದೆ. ಆಮೇಲೆ ಒಂದು ದೊಡ್ಡ ಹಾಳೆ ತೆಗೆದುಕೊಂಡು ಎಲ್ಲ ಕೋರ್ಸುಗಳ ಕೊನೆಯ ದಿನಾಂಕಗಳನ್ನೂ ಅದೊಂದರಲ್ಲೇ ವಾರದ ಪ್ರಕಾರ ಬರೆಯಿರಿ. ಬರೆದ ಮೇಲೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಒಂದು ಕೋರ್ಸಿನ ಪ್ರಬಂಧ ಹತ್ತನೇ ವಾರ, ಇನ್ನೊಂದರ ಪ್ರೆಸೆಂಟೇಷನ್ ಹತ್ತನೇ ವಾರ, ಮೂರನೆಯದರ ಲ್ಯಾಬ್ ರಿಪೋರ್ಟ್ ಕೂಡ ಅದೇ ವಾರ. ಪ್ರತಿಯೊಬ್ಬ ಮೇಷ್ಟ್ರೂ ತಮ್ಮ ಕೋರ್ಸಿಗೆ ತಕ್ಕ ಹಾಗೆ ದಿನಾಂಕ ಇಟ್ಟಿರುತ್ತಾರೆ. ಮೂರೂ ಒಟ್ಟಿಗೆ ಬಂದು ಬೀಳುವುದು ನಿಮ್ಮ ತಲೆಯ ಮೇಲೆ ಮಾತ್ರ, ಹಾಗಾಗಿ ಅದು ನಿಮ್ಮ ಹಾಳೆಯಲ್ಲಿ ಬಿಟ್ಟು ಬೇರೆಲ್ಲೂ ಕಾಣುವುದಿಲ್ಲ. ಎರಡನೇ ವಾರಕ್ಕೇ ಇದು ಗೊತ್ತಾದರೆ ಆರನೇ ವಾರದಲ್ಲೇ ಪ್ರಬಂಧ ಶುರು ಮಾಡಬಹುದು.

ಇನ್ನು, ಆ ಗಂಟೆಗಳಲ್ಲಿ ಹೇಗೆ ಓದುವುದು? ಪುಸ್ತಕ ತೆರೆದು, ಹೈಲೈಟರ್ ಹಿಡಿದು, ಅದೇ ಪುಟವನ್ನು ಮತ್ತೆ ಮತ್ತೆ ಓದುವುದು ನಮಗೆಲ್ಲ ಅಭ್ಯಾಸ. ಓದಿದಷ್ಟೂ ಪರಿಚಿತ ಅನಿಸುತ್ತದೆ, ಬಂತು ಅನ್ನುವ ಧೈರ್ಯವೂ ಬರುತ್ತದೆ. ಆ ಧೈರ್ಯವನ್ನು ನಂಬಬೇಡಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಮನೋವಿಜ್ಞಾನಿಗಳು ಇದನ್ನೇ ಪರೀಕ್ಷಿಸಿದರು. ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ಮತ್ತೆ ಓದಿದರು. ಉಳಿದವರು ಓದಿದ್ದನ್ನು ಪುಸ್ತಕ ನೋಡದೆ ನೆನಪಿಸಿಕೊಂಡು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ನೆನಪಿಸಿಕೊಂಡು ಬರೆದವರು ಮುಂದೆ ಬಂದರು. 2013ರಲ್ಲಿ ಡನ್ಲೋಸ್ಕಿ ಮತ್ತು ಸಂಗಡಿಗರು ಓದುವ ಹತ್ತು ವಿಧಾನಗಳ ಬಗ್ಗೆ ಅದುವರೆಗೆ ನಡೆದ ಸಂಶೋಧನೆಗಳನ್ನು ತೂಗಿ ನೋಡಿದರು. ಗೆರೆ ಎಳೆಯುವುದು, ಸುಮ್ನೆ ಮತ್ತೆ ಓದುವುದು ಕಡಿಮೆ ಉಪಯೋಗ ಅಂದರು. ತನ್ನನ್ನೇ ಪ್ರಶ್ನೆ ಕೇಳಿಕೊಳ್ಳುವುದು, ಓದನ್ನು ಹಲವು ದಿನಗಳಿಗೆ ಹಂಚಿಕೊಳ್ಳುವುದು, ಈ ಎರಡಕ್ಕೆ ಮಾತ್ರ ಹೆಚ್ಚು ಉಪಯೋಗ ಅಂತ ಗುರುತು ಹಾಕಿದರು.

ಮಾಡುವುದು ಸುಲಭ. ಕ್ಲಾಸ್ ಆದ ದಿನವೇ ಒಂದು ಖಾಲಿ ಗಂಟೆಯಲ್ಲಿ ನೋಟ್ಸ್ ಮುಚ್ಚಿಟ್ಟು, ಇವತ್ತು ಏನು ಹೇಳಿದರು ಅಂತ ಖಾಲಿ ಹಾಳೆಯ ಮೇಲೆ ಬರೆಯಿರಿ. ಅರ್ಧ ಪುಟಕ್ಕೇ ಪೆನ್ನು ನಿಲ್ಲುತ್ತದೆ. ಎಲ್ಲಿ ನಿಂತಿತೋ ಅಲ್ಲಿ ನಿಮಗೆ ಪಾಠ ಗೊತ್ತಿಲ್ಲ ಅಂತ ಅರ್ಥ. ಈಗ ನೋಟ್ಸ್ ತೆಗೆದು ಅಷ್ಟನ್ನು ಮಾತ್ರ ನೋಡಿ. ಮೂರು ನಾಲ್ಕು ದಿನ ಬಿಟ್ಟು ಮತ್ತೊಮ್ಮೆ ಹಾಗೇ ಮಾಡಿ. ಮೊದಮೊದಲು ಇದು ಬೇಜಾರು ತರಿಸುತ್ತದೆ, ಯಾಕೆಂದರೆ ಎಷ್ಟು ಗೊತ್ತಿಲ್ಲ ಅನ್ನುವುದು ಎದುರಿಗೇ ಕಾಣುತ್ತದೆ. ಅದು ಪರೀಕ್ಷೆ ಹಾಲ್‌ನಲ್ಲಿ ಕಾಣುವ ಬದಲು ಈಗಲೇ ಕಂಡರೆ ಒಳ್ಳೆಯದು ತಾನೇ?

ಪೆನ್ನು ಎಲ್ಲಿ ನಿಂತಿತೋ ಆ ಪ್ರಶ್ನೆಯನ್ನು ಹಿಡಿದುಕೊಂಡೇ ಮೇಷ್ಟ್ರ ಹತ್ತಿರ ಹೋಗಬೇಕು. ನನಗೆ ತುಂಬಾ ಬೇಸರ ತರುವ ವಿಷಯ ಒಂದಿದೆ. ಮೇಷ್ಟ್ರುಗಳು ವಿದ್ಯಾರ್ಥಿಗಳಿಗಾಗಿಯೇ ಸಮಯ ಗೊತ್ತು ಮಾಡಿ, ಬಾಗಿಲು ತೆರೆದಿಟ್ಟುಕೊಂಡು ಕೂತಿರುತ್ತಾರೆ. ಯಾರೂ ಬರುವುದಿಲ್ಲ. ಪರೀಕ್ಷೆಯ ಹಿಂದಿನ ದಿನ ಸಾಲು ನಿಲ್ಲುತ್ತದೆ. "ಪೆದ್ದ ಅಂದ್ಕೊಳ್ತಾರೆ" ಅನ್ನುವ ಹೆದರಿಕೆಯಿಂದ ಬಾರದವರೇ ಜಾಸ್ತಿ. ಅದರಲ್ಲೂ ಮನೆಯಲ್ಲಿ ಮೊದಲ ಬಾರಿಗೆ ಯೂನಿವರ್ಸಿಟಿ ಮೆಟ್ಟಿಲು ಹತ್ತಿದ ಮಕ್ಕಳು, ಹೀಗೆ ಹೋಗಿ ಕೇಳಬಹುದು ಅಂತಲೇ ಗೊತ್ತಿರದೆ ಉಳಿದುಬಿಡುತ್ತಾರೆ. ಅವರಿಗಾಗಿಯೇ ಬಿಡಿಸಿ ಹೇಳುತ್ತೇನೆ. "ಮೇಡಂ, ಈ ಚಾಪ್ಟರ್ ಅರ್ಥ ಆಗ್ಲಿಲ್ಲ" ಅಂದರೆ ಎಲ್ಲಿಂದ ಶುರು ಮಾಡಬೇಕು ಅಂತ ಅವರಿಗೂ ತಿಳಿಯುವುದಿಲ್ಲ. "ಮೇಡಂ, ಮೂರನೇ ಲೆಕ್ಕದಲ್ಲಿ ಇಲ್ಲಿವರೆಗೆ ಬಂದೆ. ಈ ಸಾಲಿಂದ ಮುಂದಿನ ಸಾಲಿಗೆ ಹೇಗೆ ಹೋದ್ರು ಅಂತ ಗೊತ್ತಾಗ್ಲಿಲ್ಲ" ಅನ್ನಿ, ನೀವು ಬರೆದ ಹಾಳೆಯನ್ನು ಮುಂದಿಡಿ. ತಪ್ಪಾಗಿದ್ದರೂ ಪರವಾಗಿಲ್ಲ. ಹಾಳೆ ನೋಡಿದ ತಕ್ಷಣ ಎಲ್ಲಿ ಎಡವಿದ್ದೀರಿ ಅಂತ ಅವರಿಗೆ ಕಾಣುತ್ತದೆ. ಹತ್ತು ನಿಮಿಷದಲ್ಲಿ ಕೆಲಸ ಆಗುತ್ತದೆ. ಮುಂದೆ ಶಿಫಾರಸು ಪತ್ರ ಬೇಕಾದಾಗ, ನಿಮ್ಮ ಬಗ್ಗೆ ಬರೆಯಲು ಏನಾದರೂ ಗೊತ್ತಿರುವವರು ಅವರೇ ಆಗಿರುತ್ತಾರೆ.

ಮೇಲ್ ಬರೆಯುವುದಾದರೆ ಕೋರ್ಸಿನ ಹೆಸರು, ನಿಮ್ಮ ಹೆಸರು, ರಿಜಿಸ್ಟರ್ ನಂಬರ್, ಒಂದು ಪ್ರಶ್ನೆ. ಅಷ್ಟು ಸಾಕು.

ನಕಲಿನ ವಿಷಯ ಗಂಭೀರವಾದದ್ದು, ಅದನ್ನು ಹೇಳದೆ ಬಿಡುವ ಹಾಗಿಲ್ಲ. ಬೇಕೆಂದೇ ಕದಿಯುವವರ ಮಾತು ಬೇರೆ. ಎಷ್ಟೋ ಜನ ನೋಟ್ಸ್ ಮಾಡಿಕೊಳ್ಳುವಾಗಲೇ ಗೊತ್ತಿಲ್ಲದೆ ಎಡವುತ್ತಾರೆ. ಯಾವುದೋ ಲೇಖನದ ಸಾಲನ್ನು ಹಾಗೇ ಬರೆದುಕೊಂಡಿರುತ್ತಾರೆ, ತಿಂಗಳಾದ ಮೇಲೆ ಅದು ತಮ್ಮದೇ ಮಾತು ಅನಿಸಿ ಪ್ರಬಂಧಕ್ಕೆ ಸೇರಿಸುತ್ತಾರೆ. ಬರೆದುಕೊಳ್ಳುವ ಕ್ಷಣದಲ್ಲೇ ಉದ್ಧರಣ ಚಿಹ್ನೆ ಹಾಕಿ, ಪಕ್ಕದಲ್ಲಿ ಪುಸ್ತಕದ ಹೆಸರು, ಪುಟ ಸಂಖ್ಯೆ ಬರೆದಿಡಿ. ಗೆಳೆಯರಿಗೆ ನಿಮ್ಮ ಅಸೈನ್‌ಮೆಂಟ್ ಫೈಲ್ ಕೊಡಬೇಡಿ, ಎರಡೂ ಒಂದೇ ಥರ ಬಂದರೆ ವಿಚಾರಣೆ ಇಬ್ಬರಿಗೂ ಆಗುತ್ತದೆ. ಅವರ ಜೊತೆ ಕೂತು ಹೇಳಿಕೊಡಿ, ಬೇಕಾದರೆ ಇಡೀ ಸಂಜೆ. ಎಐ ಉಪಯೋಗಿಸುವ ನಿಯಮ ಕೋರ್ಸಿನಿಂದ ಕೋರ್ಸಿಗೆ ಬೇರೆ ಬೇರೆ ಇರಬಹುದು. ಒಂದು ಕ್ಲಾಸಿನಲ್ಲಿ ಒಪ್ಪಿಗೆ ಇದ್ದದ್ದು ಇನ್ನೊಂದರಲ್ಲಿ ಶಿಕ್ಷೆಗೆ ಗುರಿ ಮಾಡಬಹುದು. ಕೇಳಿ, ಉತ್ತರವನ್ನು ಮೇಲ್‌ನಲ್ಲೇ ತರಿಸಿಕೊಳ್ಳಿ.

ಇನ್ನು ಕ್ಯಾಂಪಸ್ ಬದುಕು. ಖಾಲಿ ಗಂಟೆಗಳನ್ನೆಲ್ಲ ಓದಿಗೇ ಕೊಡಿ ಅಂತ ನಾನು ಹೇಳುವುದಿಲ್ಲ. ಮೊದಲ ಒಂದೆರಡು ತಿಂಗಳು ಹೆಚ್ಚಿನವರಿಗೆ ಒಂಟಿತನ ಕಾಡುತ್ತದೆ. ಬೇರೆಯವರೆಲ್ಲ ಆಗಲೇ ಗುಂಪು ಕಟ್ಟಿಕೊಂಡ ಹಾಗೆ ಕಾಣುತ್ತದೆ. ಮೊದಲ ವಾರ ಒಟ್ಟಿಗೆ ಓಡಾಡಿದ ಎಷ್ಟೋ ಗುಂಪುಗಳು ಸೆಮಿಸ್ಟರ್ ಮುಗಿಯುವಾಗ ಇರುವುದೇ ಇಲ್ಲ, ಹಾಗಾಗಿ ತಡವಾಯಿತು ಅಂತ ಅಂದುಕೊಳ್ಳಬೇಡಿ. ಸ್ನೇಹ ಬೆಳೆಯುವುದು ಅದೇ ಜನರನ್ನು ಅದೇ ಜಾಗದಲ್ಲಿ ಮತ್ತೆ ಮತ್ತೆ ನೋಡುವುದರಿಂದ. ಹತ್ತು ಕ್ಲಬ್ಬಿಗೆ ಹೆಸರು ಕೊಡುವ ಬದಲು ಒಂದಕ್ಕೆ ಪ್ರತಿ ವಾರ ಹೋಗಿ. ನಾಟಕ, ಚಾರಣ, ಚರ್ಚಾಕೂಟ, ಯಾವುದಾದರೂ ಸರಿ. ನಿದ್ದೆಗೆಟ್ಟು ಓದುವುದನ್ನು ಶೌರ್ಯ ಅಂದುಕೊಳ್ಳುವವರ ಜೊತೆ ಪೈಪೋಟಿ ಬೇಡ. ಓದಿದ್ದು ತಲೆಯಲ್ಲಿ ಉಳಿಯುವುದಕ್ಕೆ ನಿದ್ದೆ ಬೇಕು. ಎರಡು ಮೂರು ವಾರವಾದರೂ ಹಾಸಿಗೆಯಿಂದ ಏಳಲು ಮನಸ್ಸಿಲ್ಲ, ಊಟ ಸೇರುವುದಿಲ್ಲ, ಯಾರ ಜೊತೆಯೂ ಮಾತು ಬೇಡ ಅನಿಸಿದರೆ ಆಪ್ತ ಸಲಹೆಗಾರರನ್ನು ಕಾಣಿ. ಅಷ್ಟು ಸಣ್ಣ ವಿಷಯಕ್ಕೆ ಹೋಗೋದಾ ಅನ್ನಬೇಡಿ, ಸಣ್ಣದಿರುವಾಗಲೇ ಹೋಗಬೇಕು.

ಗ್ರೂಪ್ ಪ್ರಾಜೆಕ್ಟ್ ಬಗ್ಗೆ ಒಂದೇ ಮಾತು: ಯಾರು ಏನು ಮಾಡುತ್ತಾರೆ, ಯಾವತ್ತಿಗೆ ಅಂತ ಮೊದಲ ಸಭೆಯಲ್ಲೇ ಬರೆದು ಎಲ್ಲರಿಗೂ ಕಳಿಸಿ.

ಕೊನೆಗೆ, ಯಾರೂ ಕೇಳದ, ಆದರೆ ಕೇಳಲೇಬೇಕಾದ ಒಂದು ದಿನಾಂಕ ಇದೆ. ಕೋರ್ಸ್ ಬದಲಿಸುವುದಕ್ಕೆ, ಕೈಬಿಡುವುದಕ್ಕೆ ಅವಕಾಶವಿರುವ ಕಡೆ ಅದಕ್ಕೊಂದು ಗಡುವು ಇರುತ್ತದೆ. ಗಡುವಿನೊಳಗೆ ಬಿಟ್ಟರೆ ಗ್ರೇಡ್‌ಗೆ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ. ದಾಟಿದರೆ ಫೇಲ್ ಅಂತಲೇ ದಾಖಲಾಗಬಹುದು, ಕಟ್ಟಿದ ಶುಲ್ಕವೂ ವಾಪಸ್ ಬಾರದಿರಬಹುದು. ಸ್ಕಾಲರ್‌ಶಿಪ್ ಇರುವವರು ಎಷ್ಟು ಕ್ರೆಡಿಟ್‌ಗಿಂತ ಕೆಳಗೆ ಇಳಿಯಬಾರದು ಅನ್ನುವುದನ್ನೂ ನೋಡಿಕೊಳ್ಳಬೇಕು. ಆ ದಿನಾಂಕವನ್ನು ಅದೇ ದೊಡ್ಡ ಹಾಳೆಯಲ್ಲಿ ಕೆಂಪು ಪೆನ್ನಿನಲ್ಲಿ ಬರೆದುಕೊಳ್ಳಿ. ಅದಕ್ಕಿಂತ ಒಂದು ವಾರ ಮುಂಚೆ, ಕಷ್ಟವಾಗುತ್ತಿರುವ ಕೋರ್ಸ್ ಯಾವುದಾದರೂ ಇದ್ದರೆ, ಅದರ ಮೇಷ್ಟ್ರನ್ನೂ, ಓದಿನ ವಿಷಯದಲ್ಲಿ ಸಲಹೆ ಕೊಡುವ ನಿಮ್ಮ ಅಡ್ವೈಸರ್ ಅನ್ನೂ ನೋಡಿ. "ಇಷ್ಟು ಮಾರ್ಕ್ಸ್ ಬಂದಿದೆ, ಉಳಿದ ಕೆಲಸ ಇಷ್ಟಿದೆ, ಮುಂದುವರಿಯಲಾ?" ಅಂತ ನೇರವಾಗಿ ಕೇಳಿ. ಅಂಕಿಗಳು ಅವರ ಮುಂದಿದ್ದರೆ ಉತ್ತರವೂ ನೇರವಾಗಿಯೇ ಬರುತ್ತದೆ.