ಹೊರದೇಶದಲ್ಲಿ ಲೆನ್ಸ್ ತಗೊಳ್ಳಿ, ಬಾಡಿ ಬೇಡ

ವಿದೇಶಕ್ಕೆ ಹೊರಟಿದ್ದೀನಿ ಅಂದರೆ ಸಾಕು, "ಅಲ್ಲಿ ಕ್ಯಾಮೆರಾ ಅಗ್ಗ ಅಂತೆ, ಒಂದು ತಂದುಬಿಡು" ಅನ್ನುವವರು ಒಬ್ಬರಾದರೂ ಸಿಗುತ್ತಾರೆ. ನನ್ನನ್ನು ಕೇಳಿದರೆ ನಾನು ಹೇಳುವುದು ಒಂದೇ. ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಬೇಡ; ಲೆನ್ಸ್ ತಗೊಳ್ಳಿ. ಅದೂ ಆದಷ್ಟು ಸೆಕೆಂಡ್ ಹ್ಯಾಂಡ್.

ಬಾಡಿಯೊಳಗೆ ಕೆಡುವ ಸಾಮಾನು ಜಾಸ್ತಿ. ಶಟರ್, ಸೆನ್ಸರ್, ಬೋರ್ಡು, ಸ್ಕ್ರೀನು, ಯಾವುದು ಯಾವಾಗ ಕೈಕೊಡುತ್ತದೋ ಗೊತ್ತಿಲ್ಲ. ವಾರಂಟಿ ನೋಡಿದರೆ ಬಹಳ ಸಲ ಕೊಂಡ ದೇಶಕ್ಕೆ ಮಾತ್ರ. ಜಪಾನಿನಲ್ಲಿ ಇನ್ನೊಂದು ತಕರಾರು ಇದೆ. ಅಲ್ಲಿನವರಿಗೆಂದೇ ಸೋನಿ ಮಾರುವ ಹೆಚ್ಚಿನ ಬಾಡಿಗಳಲ್ಲಿ ಮೆನು ಜಪಾನಿ ಭಾಷೆಯಲ್ಲಿ ಮಾತ್ರ. ಬದಲಾಯಿಸೋಣ ಅಂದರೆ ಆ ಆಯ್ಕೆಯೇ ಇರುವುದಿಲ್ಲ. ಬೇರೆ ಭಾಷೆ ಬೇಕಿದ್ದವರಿಗೆ 'ಓವರ್‌ಸೀಸ್ ಮಾಡೆಲ್' ಅಂತ ಬೇರೆ ಸಿಗುತ್ತದೆ. ಅದರ ಬೆಲೆ ಕೇಳಿದ ಮೇಲೆ ಉಳಿತಾಯದ ಹುರುಪು ಅರ್ಧ ಇಳಿದುಹೋಗುತ್ತದೆ. ಯಾವ ಕಂಪನಿಯದೇ ಆಗಲಿ, ಬಾಡಿಯೇ ಬೇಕು ಅಂತ ಹಟ ಇದ್ದರೆ ಕೌಂಟರಿನಲ್ಲೇ ಆನ್ ಮಾಡಿಸಿ, ಭಾಷೆ ಬದಲಾಯಿಸಿ ನೋಡಿ, ಆಮೇಲೆ ದುಡ್ಡು ಕೊಡಿ.

ಲೆನ್ಸಿಗೆ ಮೆನುವೇ ಇಲ್ಲ, ಆ ಗೋಜೇ ಬೇಡ. ಗಾಜು ಚೆನ್ನಾಗಿದ್ದರೆ ವರ್ಷಗಟ್ಟಲೆ ಬರುತ್ತದೆ.

ಟೋಕಿಯೋದ ಶಿಂಜುಕು ನಿಲ್ದಾಣದ ಪಶ್ಚಿಮಕ್ಕೆ ಹಳೆ ಲೆನ್ಸ್ ಮಾರುವ ಅಂಗಡಿಗಳು ಹತ್ತಿರ ಹತ್ತಿರವೇ ಇವೆ. ಅಲ್ಲಿ ನನಗೆ ಹಿಡಿಸಿದ್ದು ಬೆಲೆಗಿಂತ ಆ ಪುಟ್ಟ ಚೀಟಿ. ಪ್ರತಿ ಲೆನ್ಸಿಗೂ ಒಂದು ಚೀಟಿ, ಅದರಲ್ಲಿ ದರ್ಜೆ, ಜೊತೆಗೆ ಏನೇನು ಊನ ಇದೆ ಅಂತ ವಿವರ. ಮುಂದಿನ ಗಾಜಿನಲ್ಲಿ ಗೀರು, ಒಳಗೆ ಧೂಳು, ಮುಂದೆ ಸಿಕ್ಕಿಸುವ ಬೆಳಕಿನ ಮರೆ (ಹುಡ್) ಇಲ್ಲ, ಎಲ್ಲ ಅವರೇ ಬರೆದಿರುತ್ತಾರೆ. ಫೋನ್ ಹಿಡಿದು ಅನುವಾದ ಮಾಡಿಕೊಂಡು ಓದಿದೆ. ನಾನು ನೋಡುತ್ತಿದ್ದ 85 ಎಂಎಂ ಎಫ್ 1.8 ಲೆನ್ಸಿನ ಚೀಟಿಯಲ್ಲಿ ಒಳಧೂಳು ಅಂತಿತ್ತು. ಕೌಂಟರಿನ ಹಿರಿಯರು ನಾನು ಬಾಯಿ ಬಿಡುವ ಮೊದಲೇ ಒಂದು ಟಾರ್ಚು, ಧೂಳು ಊದುವ ಒಂದು ಬ್ಲೋವರ್ ತಂದು ಮುಂದಿಟ್ಟರು. ಮೆತ್ತನೆ ಬಟ್ಟೆ ಹಾಸಿ, ಅದರ ಮೇಲೆ ಲೆನ್ಸ್ ಇಟ್ಟು, ಕೈಕಟ್ಟಿ ನಿಂತರು. ಅವಸರವೇ ಇಲ್ಲ.

ಟಾರ್ಚು ಹಿಡಿಯುವುದಕ್ಕೂ ಒಂದು ಕ್ರಮ ಇದೆ. ಎರಡೂ ಕಡೆಯ ಕ್ಯಾಪ್ ತೆಗೆದು, ಅಪರ್ಚರ್, ಅಂದರೆ ಬೆಳಕು ಒಳಬಿಡುವ ಕಿಂಡಿ, ಪೂರ್ತಿ ತೆರೆದು, ಹಿಂದಿನಿಂದ ಬೆಳಕು ಬಿಟ್ಟು ಮುಂದಿನಿಂದ ಸ್ವಲ್ಪ ಓರೆಯಾಗಿ ನೋಡಬೇಕು. ನಾಲ್ಕು ಧೂಳಿನ ಕಣ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ, ಫೋಟೋದಲ್ಲಿ ಅವು ಕಾಣುವುದಿಲ್ಲ. ಅಂಚಿನಿಂದ ಬೇರು ಬಿಟ್ಟ ಹಾಗೆ ಸಣ್ಣ ಎಳೆಗಳು ಹರಡಿದ್ದರೆ ಅದು ಫಂಗಸ್, ಕೆಳಗಿಟ್ಟುಬಿಡಿ. ಗಾಜೆಲ್ಲ ಹಾಲು ಬೆರೆಸಿದಂತೆ ಮಂಜಾಗಿದ್ದರೆ ಅದೂ ಬೇಡ. ಬಾಡಿಗೆ ಕೂರುವ ಭಾಗದ (ಮೌಂಟ್) ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿ ಕೈಯಾಡಿಸಿದ್ದಾರೆ ಅಂತಲೇ ಲೆಕ್ಕ. ಆಮೇಲೆ ಲೆನ್ಸನ್ನು ನಿಮ್ಮದೇ ಕ್ಯಾಮೆರಾ ಬಾಡಿಗೆ ಹಾಕಿ, ದೂರದ ಕಪಾಟನ್ನೋ ಎದುರಿನ ಕಟ್ಟಡವನ್ನೋ ಪೂರ್ತಿ ತೆರೆದ ಅಪರ್ಚರಿನಲ್ಲಿ ಒಮ್ಮೆ, ಕಿಂಡಿ ಕಿರಿದು ಮಾಡಿ ಎಫ್ 8ರಲ್ಲಿ ಒಮ್ಮೆ ತೆಗೆಯಿರಿ. ನಾಲ್ಕು ಮೂಲೆಗಳನ್ನು ದೊಡ್ಡದು ಮಾಡಿ ನೋಡಿ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಒಳಗಿನ ಗಾಜು ಜರುಗಿರಬಹುದು. ಇದಕ್ಕೇ ನಾನು ಹೇಳೋದು, ಅಂಗಡಿಗೆ ಹೋಗುವಾಗ ನಿಮ್ಮ ಬಾಡಿ, ಮೆಮೊರಿ ಕಾರ್ಡು ಎರಡೂ ಬ್ಯಾಗಿನಲ್ಲಿರಲಿ ಅಂತ.

ಪ್ರವಾಸಿಗರಿಗೆ ಸಿಗುವ ತೆರಿಗೆ ವಾಪಸ್ ವಿಷಯದಲ್ಲಿ ಜನರ ಲೆಕ್ಕ ಸ್ವಲ್ಪ ಉಬ್ಬಿರುತ್ತದೆ. ಜಪಾನಿನಲ್ಲಿ ತೆರಿಗೆ 10%. ಚೀಟಿಯಲ್ಲಿ ತೆರಿಗೆ ಸೇರಿ 1,10,000 ಯೆನ್ ಇದ್ದರೆ ನಿಮಗೆ ಉಳಿಯುವುದು 10,000, ಅಂದರೆ ನೂರಕ್ಕೆ ಒಂಬತ್ತು ಚಿಲ್ಲರೆ. ಪಾಸ್‌ಪೋರ್ಟ್ ತೋರಿಸಿದರೆ ಅಂಗಡಿಯಲ್ಲೇ ತೆರಿಗೆ ಬಿಡುವ ಪದ್ಧತಿಗೆ 2026ರ ಅಕ್ಟೋಬರ್ 31 ಕೊನೆ. ನವೆಂಬರ್ 1ರಿಂದ ಪೂರ್ತಿ ದುಡ್ಡು ಕೊಟ್ಟು, ದೇಶ ಬಿಡುವಾಗ ಕಸ್ಟಮ್ಸ್‌ನಲ್ಲಿ ಖಾತ್ರಿ ಮಾಡಿಸಿಕೊಂಡ ಮೇಲೆ ವಾಪಸ್. ಜರ್ಮನಿಯಲ್ಲಿ 19%, ಫ್ರಾನ್ಸಿನಲ್ಲಿ 20% ಅಂತ ಕೇಳಿ ಕುಣಿಯಬೇಡಿ, ಮಧ್ಯದ ಏಜೆನ್ಸಿ ತನ್ನ ಪಾಲು ಹಿಡಿದುಕೊಂಡೇ ಕೊಡುತ್ತದೆ. ಲಂಡನ್ನಿನಲ್ಲಿ ಕೊಂಡು ಕೈಯಲ್ಲೇ ತರುವವರಿಗೆ 2021ರಿಂದ ಈ ಸೌಲಭ್ಯವೇ ಇಲ್ಲ. ಹಾಂಗ್‌ಕಾಂಗ್‌ನಲ್ಲಿ ಮಾರಾಟ ತೆರಿಗೆಯೇ ಇಲ್ಲ, ಹಾಗಾಗಿ ವಾಪಸ್ ಕೊಡುವ ಮಾತೂ ಇಲ್ಲ.

ವಾಪಸ್ ಕೇಳುವಾಗ ಕಸ್ಟಮ್ಸ್‌ನವರು ವಸ್ತು ತೋರಿಸಿ ಅನ್ನಬಹುದು. ಅದಕ್ಕೇ ಚೆಕ್-ಇನ್ ಸೂಟ್‌ಕೇಸಿನ ತಳದಲ್ಲಿ ಲೆನ್ಸ್ ತುರುಕಬೇಡಿ.

ಕಾರ್ಡ್ ಉಜ್ಜುವಾಗ ಮೆಷಿನ್ "ನಿಮ್ಮ ದೇಶದ ಹಣದಲ್ಲೇ ಕಟ್ಟುತ್ತೀರಾ" ಅಂತ ಬಲು ಪ್ರೀತಿಯಿಂದ ಕೇಳುತ್ತದೆ. ಬೇಡ ಅನ್ನಿ. ಆ ಪ್ರೀತಿಗೆ ಸಾಮಾನ್ಯವಾಗಿ ಬ್ಯಾಂಕಿನ ದರಕ್ಕಿಂತ ಜಾಸ್ತಿಯೇ ತೆರಬೇಕು. ಅಲ್ಲಿನ ಹಣದಲ್ಲೇ ಕಟ್ಟಿ.

ಮನೆಯಿಂದ ಒಯ್ಯುವ ಹಳೆ ಬಾಡಿ, ಲೆನ್ಸುಗಳ ಸೀರಿಯಲ್ ನಂಬರನ್ನು ಹೊರಡುವ ಮೊದಲೇ ಕಸ್ಟಮ್ಸ್‌ನಲ್ಲಿ ಬರೆಸಿ ಸರ್ಟಿಫಿಕೇಟ್ ಪಡೆಯುವ ಏರ್ಪಾಟು ಎಷ್ಟೋ ದೇಶಗಳಲ್ಲಿದೆ. ಮಾಡಿಸಿಟ್ಟುಕೊಳ್ಳಿ. ಇಲ್ಲದಿದ್ದರೆ ವಾಪಸ್ ಬರುವಾಗ ನಿಮ್ಮದೇ ಹಳೆ ಲೆನ್ಸಿಗೆ ಬಿಲ್ ಎಲ್ಲಿ ಅಂತ ಕೇಳಿದರೆ ತಡಬಡಾಯಿಸಬೇಕಾಗುತ್ತದೆ, ಅಲ್ವಾ? ಹೊಸದಾಗಿ ಕೊಂಡದ್ದರ ಬಿಲ್ ಮಾತ್ರ ಬಚ್ಚಿಡಬೇಡಿ. ಸುಂಕ ಬೀಳುವಷ್ಟು ಬೆಲೆಯದಾದರೆ ಘೋಷಿಸಿ ಕಟ್ಟಿಬಿಡಿ. ಆ ಸುಂಕವನ್ನೂ ಸೇರಿಸಿದ ಮೇಲೆ ಲಾಭ ಉಳಿಯುತ್ತದೋ ಇಲ್ಲವೋ ಅನ್ನುವುದನ್ನು ಅಂಗಡಿಯಲ್ಲಿ ನಿಂತಾಗಲೇ ಫೋನಿನಲ್ಲಿ ಕೂಡಿ ನೋಡಿ.