ಹಂಚಿಕೆಯ ಕಂಪ್ಯೂಟರುಗಳಲ್ಲಿ ಐಪಿ, ಮ್ಯಾಕ್ ವಿಳಾಸಗಳ ನಿಯಂತ್ರಣ: ಈವರೆಗಿನ ಕೆಲಸ

ಹಲವರು ಸರದಿಯಲ್ಲಿ ಬಳಸುವ ಪ್ರಯೋಗಾಲಯದ ಕಂಪ್ಯೂಟರುಗಳಲ್ಲಿ ಐಪಿ ವಿಳಾಸವನ್ನು (ಜಾಲದಲ್ಲಿ ಯಂತ್ರಕ್ಕೆ ಕೊಡುವ ಸಂಖ್ಯೆಯನ್ನು) ಯಾರೂ ತಮ್ಮಿಷ್ಟದಂತೆ ಬದಲಿಸದಂತೆ ಮಾಡುವ ಕೆಲಸದ ಮೊದಲ ಹಂತ ಮುಗಿದಿದೆ. ವಿಂಡೋಸ್ ಯಂತ್ರಗಳಲ್ಲಿ ಬಳಕೆದಾರರೆಲ್ಲರಿಗೂ ಸಾಮಾನ್ಯ ಖಾತೆಯನ್ನಷ್ಟೇ ಉಳಿಸಿ, 'ನೆಟ್‌ವರ್ಕ್ ಕಾನ್ಫಿಗರೇಶನ್ ಆಪರೇಟರ್ಸ್' ಗುಂಪನ್ನು ಖಾಲಿ ಮಾಡಿದ್ದೇನೆ. ಈ ಗುಂಪಿನಲ್ಲಿರುವವರು ಅಡ್ಮಿನ್ ಅಲ್ಲದಿದ್ದರೂ ಟಿಸಿಪಿ/ಐಪಿ ಸೆಟ್ಟಿಂಗ್ ತಿದ್ದಬಲ್ಲರು. ಹಾಗಾಗಿ ಅದನ್ನು ಮರೆತರೆ ಉಳಿದ ಬಿಗಿಯೆಲ್ಲ ವ್ಯರ್ಥ. ಲಿನಕ್ಸ್ ಯಂತ್ರಗಳಲ್ಲಿ ಜಾಲದ ಸೆಟ್ಟಿಂಗ್ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್‌ನ ಬದಲಾವಣೆಗಳಿಗೆ ಅಡ್ಮಿನ್ ಪಾಸ್‌ವರ್ಡ್ ಕೇಳುವಂತೆ, ಯಾರಿಗೆ ಯಾವ ಅನುಮತಿ ಎಂದು ನಿರ್ಧರಿಸುವ ಪೋಲ್‌ಕಿಟ್‌ನಲ್ಲಿ ನಿಯಮ ಬರೆದಾಗಿದೆ.

ಮ್ಯಾಕ್ ವಿಳಾಸ ಇನ್ನೂ ಜಾರುವ ವಸ್ತು. ನೆಟ್‌ವರ್ಕ್ ಕಾರ್ಡಿನ ಗುರುತಾದ 48 ಬಿಟ್‌ಗಳ ಈ ವಿಳಾಸ ಕಾರ್ಖಾನೆಯಿಂದಲೇ ಕಾರ್ಡಿನೊಳಗೆ ಬಂದಿರುತ್ತದೆಯಾದರೂ, ಡಿವೈಸ್ ಮ್ಯಾನೇಜರ್‌ನ 'ಅಡ್ವಾನ್ಸ್ಡ್' ಪುಟದಲ್ಲಿ 'ನೆಟ್‌ವರ್ಕ್ ಅಡ್ರೆಸ್' ಎಂಬ ಆಯ್ಕೆಯಿದ್ದರೆ, ಅಡ್ಮಿನ್ ಅಧಿಕಾರವುಳ್ಳವರು ಅಲ್ಲಿ ಬರೆದ 12 ಹೆಕ್ಸಾಡೆಸಿಮಲ್ ಅಂಕೆಗಳನ್ನೇ (0-9, ಎ-ಎಫ್) ಡ್ರೈವರ್ ಬಳಸತೊಡಗುತ್ತದೆ. ಎರಡನೆಯ ಅಂಕೆ 2, 6, ಎ ಅಥವಾ ಇ ಆಗಿದ್ದರೆ ಅದು ತಯಾರಕರು ಕೊಟ್ಟ ವಿಳಾಸವಲ್ಲವೆಂದು ಸಾಮಾನ್ಯವಾಗಿ ಊಹಿಸಬಹುದು. ಆದರೆ ಪಕ್ಕದ ಯಂತ್ರದ ವಿಳಾಸವನ್ನೇ ನಕಲು ಮಾಡಿದವರು ಈ ಗುರುತಿನಿಂದ ಸಿಕ್ಕಿಬೀಳುವುದಿಲ್ಲ.

ಯುಎಸ್‌ಬಿಯಿಂದ ಬೇರೊಂದು ಲಿನಕ್ಸ್ ಬೂಟ್ ಮಾಡಿದರೆ ಮೇಲಿನ ಬೀಗಗಳೆಲ್ಲ ಕಳಚಿದಂತೆಯೇ. ಯಂತ್ರ ಯಾವುದರಿಂದ ಶುರುವಾಗಬೇಕೆಂದು ನಿರ್ಧರಿಸುವ ಬಯಾಸ್‌ಗೆ ಪಾಸ್‌ವರ್ಡ್ ಹಾಕಿ ಆ ದಾರಿಯನ್ನು ಮುಚ್ಚಿದ್ದೇನೆ. ಆದರೂ ಬಳಕೆದಾರರ ಕೈಗೆಟುಕುವ ಯಂತ್ರವನ್ನೇ ಕಾವಲಿಗಿಡುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಆದ್ದರಿಂದ ತಪಾಸಣೆಯನ್ನು, ಯಂತ್ರಗಳ ಕೇಬಲ್‌ಗಳೆಲ್ಲ ಬಂದು ಸೇರುವ ಸ್ವಿಚ್‌ಗೆ ಒಪ್ಪಿಸಿದೆ. ಯಾವ ಪೋರ್ಟಿನಲ್ಲಿ ಯಾವ ಮ್ಯಾಕ್‌ಗೆ ಯಾವ ಐಪಿ ಸಿಕ್ಕಿತೆಂಬುದನ್ನು, ಡಿಎಚ್‌ಸಿಪಿ (ಐಪಿಯನ್ನು ತಾನಾಗಿ ಹಂಚುವ ವ್ಯವಸ್ಥೆ) ಸಂದೇಶಗಳನ್ನು ಗಮನಿಸುವ ಡಿಎಚ್‌ಸಿಪಿ ಸ್ನೂಪಿಂಗ್ ಪಟ್ಟಿ ಮಾಡಿಕೊಳ್ಳುತ್ತದೆ. ಆ ಪಟ್ಟಿಗೆ ಹೊಂದದ ಪ್ಯಾಕೆಟ್‌ಗಳನ್ನು ಐಪಿ ಸೋರ್ಸ್ ಗಾರ್ಡ್ ಬಿಸಾಡುತ್ತದೆ, ಸುಳ್ಳು ಎಆರ್‌ಪಿ (ಯಾವ ಐಪಿ ಯಾವ ಮ್ಯಾಕ್‌ನದೆಂದು ತಿಳಿಸುವ) ಉತ್ತರಗಳನ್ನು ಡೈನಾಮಿಕ್ ಎಆರ್‌ಪಿ ಇನ್‌ಸ್ಪೆಕ್ಷನ್ ತಡೆಯುತ್ತದೆ. ಪರೀಕ್ಷೆಗಾಗಿ ಒಂದು ಯಂತ್ರಕ್ಕೆ ಗೇಟ್‌ವೇಯ (ಹೊರಜಾಲಕ್ಕೆ ದಾರಿಯಾದ ಸಾಧನದ) ವಿಳಾಸವನ್ನೇ ಕೈಯಾರೆ ಕೊಟ್ಟು ನೋಡಿದೆ: ಪೋರ್ಟಿನ ಹಸಿರು ದೀಪ ಎಂದಿನಂತೆ ಮಿನುಗುತ್ತಿತ್ತು, ಆದರೆ ಯಾವ ಪಿಂಗ್‌ಗೂ ಉತ್ತರವಿರಲಿಲ್ಲ, ಅದೇ ಹೊತ್ತಿಗೆ ಸ್ವಿಚ್‌ನ ಲಾಗ್‌ನಲ್ಲಿ ಆ ಪೋರ್ಟಿನ ಸಂಖ್ಯೆಯೊಂದಿಗೆ ತಿರಸ್ಕೃತ ಎಆರ್‌ಪಿಗಳು ಸಾಲುಗಟ್ಟಿದ್ದವು.

ಇಲ್ಲಿ ಬೇಸರದ ಕೆಲಸವೆಂದರೆ ಪ್ರಿಂಟರ್‌ಗಳು. ಅವುಗಳದ್ದು ಸ್ಥಿರ ವಿಳಾಸವಾದ್ದರಿಂದ ಸ್ನೂಪಿಂಗ್ ಪಟ್ಟಿಯಲ್ಲಿ ತಾವಾಗಿಯೇ ಸೇರುವುದಿಲ್ಲ, ಒಂದೊಂದನ್ನೂ ಕೈಯಿಂದ ನಮೂದಿಸಬೇಕು. ಡಿಎಚ್‌ಸಿಪಿ ಸರ್ವರ್‌ನತ್ತ ಹೋಗುವ ಪೋರ್ಟನ್ನು ಮಾತ್ರ ನಂಬಿಕೆಯ ಪೋರ್ಟ್ ಎಂದು ಗುರುತಿಸಿ, ಸ್ವಿಚ್ ಮರುಚಾಲನೆಯಾದರೂ ಪಟ್ಟಿ ಅಳಿಯದಂತೆ ಅದನ್ನು ಫ್ಲಾಶ್‌ನಲ್ಲಿ ಉಳಿಸುವ ವ್ಯವಸ್ಥೆ ಮಾಡಿದ್ದೇನೆ.

ನಕಲು ಮ್ಯಾಕ್‌ನ ಸಮಸ್ಯೆ ಇನ್ನೂ ಉಳಿದಿದೆ. ಪ್ರತಿ ಪೋರ್ಟಿಗೆ ಗೊತ್ತುಮಾಡಿದ ಒಂದೇ ಮ್ಯಾಕ್ ಎಂಬ ಮಿತಿ ಹಾಕಿದರೆ ಯಂತ್ರ ಪೋರ್ಟ್ ಬದಲಿಸುವುದು ತಪ್ಪುತ್ತದೆಯೇ ಹೊರತು, ಅದೇ ಪೋರ್ಟಿನಲ್ಲಿ ಅದೇ ವಿಳಾಸ ಹಾಕಿಕೊಂಡ ಪರಕೀಯ ಲ್ಯಾಪ್‌ಟಾಪ್ ಒಳಬರುವುದು ತಪ್ಪುವುದಿಲ್ಲ. ಮುಂದಿನ ಹಂತದಲ್ಲಿ, ಜಾಲಕ್ಕೆ ಸೇರುವ ಮೊದಲೇ ಗುರುತು ಕೇಳುವ 802.1ಎಕ್ಸ್ ಎಂಬ ವ್ಯವಸ್ಥೆ ಅಳವಡಿಸಿ, ವಿಳಾಸದ ಬದಲು ಪ್ರಮಾಣಪತ್ರವನ್ನು ಪರಿಶೀಲಿಸುವ ಯೋಜನೆಯಿದೆ.